ಹಳೆಯ ಮಸೂರ, ದುರ್ಗದ ಬಿಸಿಲು

ದುರ್ಗದ ಸೀಮೆಯ ಬಿಸಿಲನ್ನು ಕಂಡುಂಡವರಿಗೆ, ಅದರಲ್ಲಿ ಛಾಯಾಚಿತ್ರ ತೆಗೆಯುವ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಯಲ್ಲದಕೆರೆಯ ಕಡೆಗೆ ಹೊರಟರೆ, ಹೊತ್ತೇರುವಷ್ಟರಲ್ಲಿಯೇ ಬರಿಯ ಬಯಲು ಕಣ್ಣು ಕೋರೈಸುವಂತೆ ಬೆಳಗತೊಡಗುತ್ತದೆ. ತೆಂಗಿನ ತೋಟದೊಳಗೆ ಕಾಲಿಟ್ಟರೆ ಅದೇ ಬೆಳಕು ಚೂರುಚೂರಾಗಿ ಚೆಲ್ಲಿ, ನೆರಳು ಇನ್ನಷ್ಟು ಗಾಢವಾಗಿ ತೋರುತ್ತದೆ. ಮನುಷ್ಯನ ಕಣ್ಣು ಎರಡಕ್ಕೂ ಹೊಂದಿಕೊಳ್ಳಬಲ್ಲುದು. ಡಿಜಿಟಲ್ ಕ್ಯಾಮೆರಾದ ಸೆನ್ಸರಿಗೆ ಆ ಔದಾರ್ಯವಿಲ್ಲ; ಬೆಳಕು ಮಿತಿಮೀರಿದೆಡೆಯಲ್ಲಿ ಅದು ಬರಿಯ ಬಿಳುಪನ್ನೇ ಉಳಿಸುತ್ತದೆ. ಇಂಥ ಬಿಸಿಲಿನಲ್ಲಿ 80-90 ವರ್ಷಗಳ ಹಿಂದಿನ ಮಸೂರವೊಂದು ಹೊಸದಕ್ಕಿಂತ ಹೆಚ್ಚು ಉಪಕಾರಿಯಾಗಬಲ್ಲುದೆಂಬುದು ನನ್ನ ದೃಢವಾದ ನಂಬಿಕೆ, ಮತ್ತು ಅದಕ್ಕೆ ಹಳತರ ಮೇಲಿನ ವ್ಯಾಮೋಹವಷ್ಟೇ ಕಾರಣವಲ್ಲ.

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನೋಟವು ಮಸೂರದ ಮೂಲಕ ಹಾಯದೆ, ಅದರ ಮೇಲ್ಭಾಗದಲ್ಲಿರುವ ಪ್ರತ್ಯೇಕವಾದ ಕಿಟಕಿಯ ಮೂಲಕ ಹಾಯುತ್ತದೆ. ಸ್ವಲ್ಪ ದೂರದಲ್ಲಿರುವ ಇನ್ನೊಂದು ಸಣ್ಣ ಕಿಟಕಿಯು ಅದೇ ದೃಶ್ಯವನ್ನು ಮತ್ತೊಂದು ಕೋನದಿಂದ ತಂದು ನೋಟದ ನಡುವೆ ಕೂಡಿಸುತ್ತದೆ. ಜಗಲಿಯ ಮೇಲೆ ಕುಳಿತ ಅಜ್ಜಿಯ ಮೂಗುತಿ ಆಗ ಎರಡಾಗಿ ಕಾಣುತ್ತದೆ. ಮಸೂರದ ಉಂಗುರವನ್ನು ಮೆಲ್ಲನೆ ತಿರುಗಿಸಿದರೆ ಅದರ ಹಿಂಬದಿಯ ಲೋಹದ ಅಂಚು ಕ್ಯಾಮೆರಾದೊಳಗಿನ ಪುಟ್ಟ ಗಾಲಿಯನ್ನು ಒತ್ತುತ್ತದೆ, ಎರಡು ಮೂಗುತಿಗಳು ಸಮೀಪಿಸುತ್ತವೆ, ಒಂದಾಗುತ್ತವೆ. ಒಂದಾದ ಕ್ಷಣದಲ್ಲಿ ಫೋಕಸ್ ಕೂಡಿತೆಂದರ್ಥ. ಇಲ್ಲಿ ವಿದ್ಯುತ್ತಿನ ಪ್ರವೇಶವೇ ಇಲ್ಲದಿರುವುದರಿಂದ, ಮಸೂರಕ್ಕೆ ಎಷ್ಟೇ ವಯಸ್ಸಾಗಿದ್ದರೂ ಹೊಸ ಕ್ಯಾಮೆರಾದೊಡನೆ ಅದು ವ್ಯವಹರಿಸಬಲ್ಲುದು.

ಈ ಸಾತತ್ಯವು ಆಕಸ್ಮಿಕವಾದುದಲ್ಲ. ಜರ್ಮನಿಯ ವೆಟ್ಸ್ಲಾರಿನ ಲೈಟ್ಸ್ ಸಂಸ್ಥೆಯು, ಓಸ್ಕರ್ ಬಾರ್ನಾಕ್ ರೂಪಿಸಿದ ಲೈಕಾವನ್ನು 1925ರಲ್ಲಿ ಮಾರುಕಟ್ಟೆಗೆ ತಂದಿತು; ಅನಂತರದ ವರ್ಷಗಳಲ್ಲಿ 39 ಮಿಲಿಮೀಟರ್ ವ್ಯಾಸದ ತಿರುಪಿನಿಂದ ಕೂಡಿಸುವ ಮಸೂರಗಳು ಬಂದವು. 1954ರ ಎಂ3 ಮಾದರಿಯಲ್ಲಿ ತಿರುಪಿನ ಬದಲು ಕೊಕ್ಕೆಯ ಜೋಡಣೆಯನ್ನು ಅಳವಡಿಸಿದಾಗ, ಮಸೂರದ ಪೀಠಕ್ಕೂ ಫಿಲ್ಮಿಗೂ ನಡುವಣ ಅಂತರವನ್ನು 28.8 ಮಿಲಿಮೀಟರಿನಿಂದ 27.8ಕ್ಕೆ ಇಳಿಸಿದರು. ಕಡಿಮೆಯಾದ ಆ 1 ಮಿಲಿಮೀಟರನ್ನು ಅಷ್ಟೇ ದಪ್ಪದ ಉಂಗುರವೊಂದು ತುಂಬಿಕೊಡುತ್ತದೆ. ಹಿಂದಿನ ಗ್ರಾಹಕನನ್ನು ಕೈಬಿಡದ ಈ ವಿವೇಕ ಇಂದಿನ ತಯಾರಕರಲ್ಲಿ ಅಪರೂಪ. 2004ರಲ್ಲಿ ಎಪ್ಸನ್ ಸಂಸ್ಥೆಯ ಆರ್-ಡಿ1 ಮೊದಲ ಡಿಜಿಟಲ್ ರೇಂಜ್‌ಫೈಂಡರಾಗಿ ಹೊರಬಂದಿತು. ಅದರಲ್ಲಿ ರೀಲು ಇಲ್ಲದಿದ್ದರೂ, ಪ್ರತಿ ಚಿತ್ರಕ್ಕೂ ಹಿಂದಿನಂತೆಯೇ ಹಿಡಿಯೆಳೆದು ಷಟರನ್ನು ಅಣಿಗೊಳಿಸಬೇಕಾಗಿತ್ತು. ಲೈಕಾ ಎಂ8 2006ರಲ್ಲಿಯೂ, ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರುಳ್ಳ ಎಂ9 2009ರಲ್ಲಿಯೂ ಬಂದುವು.

ಬಿಸಿಲಿನ ಮಾತಿಗೆ ಮರಳುತ್ತೇನೆ. ಮಾಕ್ಸ್ ಬೆರೆಕ್ ಲೆಕ್ಕಹಾಕಿ ರೂಪಿಸಿದ ಎಲ್ಮಾರ್ ಎಂಬ 50 ಮಿಲಿಮೀಟರಿನ ಮಸೂರವನ್ನೇ ತೆಗೆದುಕೊಳ್ಳೋಣ. ಹೆಬ್ಬೆರಳಿನಷ್ಟು ದಪ್ಪದ, ಒಳಕ್ಕೆ ಮಡಿಸಬಹುದಾದ ಕೊಳವೆ. ಅಪರ್ಚರಿನ ಅಂಕಿಗಳು ಗಾಜಿನ ಸುತ್ತಲೇ ಇರುವುದರಿಂದ ಕ್ಯಾಮೆರಾವನ್ನು ನಮ್ಮತ್ತ ತಿರುಗಿಸಿಯೇ ಓದಬೇಕು. ಯುದ್ಧಪೂರ್ವದವುಗಳಲ್ಲಿ ಆ ಅಂಕಿಗಳು 3.5, 4.5, 6.3, 9 ಎಂಬ ಬೇರೆಯೇ ಕ್ರಮದಲ್ಲಿರುತ್ತವೆ. ಒಳಗೆ ನಾಲ್ಕು ಗಾಜುಗಳು, ಗಾಳಿಗೆ ತೆರೆದಿರುವ ಮುಖಗಳು ಆರು. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮುಖವೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಮರಳಿಸುವುದರಿಂದ, ಒಟ್ಟಿನಲ್ಲಿ ಐದರಲ್ಲೊಂದು ಪಾಲಿಗೂ ಮಿಕ್ಕು ಬೆಳಕು ದಾರಿ ತಪ್ಪುತ್ತದೆ. 1935ರಲ್ಲಿ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಕುಲಾ ಕಂಡುಹಿಡಿದ ಲೇಪನವು ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿತು. ಆದರೆ ಹಾಗೆ ದಾರಿ ತಪ್ಪಿದ ಬೆಳಕಿನ ಒಂದಂಶವು ಒಳಗೊಳಗೇ ಚದುರಿ ನೆರಳಿನ ಮೇಲೂ ಹರಡುತ್ತದೆ. ಅದರಿಂದ ಹೊಸ ವಿವರವೇನೂ ಹುಟ್ಟದು, ನಿಜ. ಬಿಳುಪಿಗೂ ಕಪ್ಪಿಗೂ ನಡುವಣ ಅಂತರ ಮಾತ್ರ ಕುಗ್ಗುತ್ತದೆ. ಬಿಸಿಲಿನ ಭಾಗಕ್ಕೆ ಅನುಗುಣವಾಗಿ ಎಕ್ಸ್‌ಪೋಷರ್ ಹೊಂದಿಸಿದಾಗಲೂ, ತೋಟದಲ್ಲಿ ಕಾಯಿ ಸುಲಿಯುತ್ತಿರುವವನ ಮುಖ ತೀರ ಕಪ್ಪಿಟ್ಟಂತೆ ತೋರದು. 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯ ಮೇಲೆ ನಿಂತು, ಸಂಜೆಯಲ್ಲಿ ಹೊಳೆಯುವ ವಾಣಿವಿಲಾಸಸಾಗರದ ನೀರಿಗೆ ಎದುರಾಗಿ ಇದೇ ಮಸೂರವನ್ನು ಹಿಡಿದರೆ ಚಿತ್ರವೆಲ್ಲ ಮಂಜು ಕವಿದಂತಾಗುತ್ತದೆ. ಅಲ್ಲಿ ಅದರ ಮುಂದೆ ನೆರಳುಗೊಳವೆಯೊಂದು ಇರಲೇಬೇಕು.

ತೊಡಕುಗಳು ಬೇರೆಯೂ ಇವೆ. ಹಳೆಯ ಅಗಲನೋಟದ ಮಸೂರಗಳು ಬೆಳಕನ್ನು ತೀರ ಓರೆಯಾಗಿ ಚೆಲ್ಲುವುದರಿಂದ ಡಿಜಿಟಲ್ ಚಿತ್ರದ ಅಂಚಿಗೆ ಬೇಡದ ಬಣ್ಣ ಹತ್ತುವುದುಂಟು. 50 ಮಿಲಿಮೀಟರಿನವುಗಳಿಗೆ ಸಾಮಾನ್ಯವಾಗಿ ಆ ಬಾಧೆಯಿಲ್ಲ. ಸೋವಿಯತ್ ದೇಶದ ಜುಪಿಟರ್ ಮಸೂರಗಳು ಝೈಸ್‌ನ ಸೊನ್ನಾರ್ ವಿನ್ಯಾಸವನ್ನೂ ಅಳತೆಯನ್ನೂ ಅನುಸರಿಸಿದವಾದ್ದರಿಂದ, ಲೈಕಾದ ಮೇಲೆ ಹತ್ತಿರದ ವಸ್ತುಗಳ ಫೋಕಸ್ ಕೂದಲೆಳೆಯಷ್ಟು ತಪ್ಪಬಹುದು. ಫಿಲ್ಮಿನಲ್ಲಿ ಮರೆಯಾಗುತ್ತಿದ್ದ ಆ ತಪ್ಪು, ಹಿಗ್ಗಿಸಿ ನೋಡುವ ಇಂದಿನ ಪರದೆಯ ಮೇಲೆ ಎದ್ದು ಕಾಣುತ್ತದೆ.

ಕೊಳ್ಳುವವರು ಮೊದಲು ಮಸೂರದ ಒಂದು ಕೊನೆಯಿಂದ ಟಾರ್ಚಿನ ಬೆಳಕು ಬಿಟ್ಟು ಇನ್ನೊಂದು ಕೊನೆಯಿಂದ ನೋಡಬೇಕು. ಮಲೆನಾಡಿನ ತೇವದಲ್ಲಿ ಉಳಿದುದರಲ್ಲಿ ಬೂಷ್ಟಿನ ಎಳೆಗಳೂ, ನಮ್ಮ ಬಯಲುಸೀಮೆಯಲ್ಲಿ ಉಳಿದುದರಲ್ಲಿ ಧೂಳೂ ಒಣಗಿದ ಗ್ರೀಸಿನ ಮಬ್ಬೂ ಕಂಡಾವು. ಮಬ್ಬನ್ನು ನುರಿತವರು ತೊಳೆದು ತೆಗೆಯಬಲ್ಲರು. ಬೂಷ್ಟು ಗಾಜನ್ನೇ ತಿಂದಿದ್ದರೆ ಉಪಾಯವಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಅಪ್ಪನ ಕಾಲದ ಯಾಶಿಕಾ ಎಲೆಕ್ಟ್ರೋ 35 ಇರುವವರು, ಅದೂ ರೇಂಜ್‌ಫೈಂಡರೇ ಎಂದು ಮಸೂರವನ್ನು ಬಿಚ್ಚಲು ಹೋಗಬಾರದು. ಅದರ ಮಸೂರ ಒಡಲಿಗೇ ಬೆಸೆದುಕೊಂಡಿರುವಂಥದು. ರೀಲು ಹಾಕಿ ಹಾಗೆಯೇ ಬಳಸುವುದು ಲೇಸು. ಮಡಿಸುವ ಎಲ್ಮಾರನ್ನು ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿದ ಮೇಲೆ ಅದರ ಕೊಳವೆಯನ್ನು ಒಳಕ್ಕೆ ತಳ್ಳದಿರುವುದು ಕ್ಷೇಮ. ಫಿಲ್ಮಿನ ಕ್ಯಾಮೆರಾದಲ್ಲಿ ಅದಕ್ಕಿದ್ದ ಜಾಗ ಇಲ್ಲಿ ಇರಲಾರದು.