ನಿಮಗಿದು ಗೊತ್ತೆ? ತೈಲದ ಬರ, ಗಾಳಿಯ ಆಸರೆ

1973ರ ಅರಬ್–ಇಸ್ರೇಲ್ ಯುದ್ಧದ ಬೆನ್ನಿಗೇ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಹೆಚ್ಚು ಕಂಗೆಟ್ಟ ದೇಶಗಳಲ್ಲಿ ಡೆನ್ಮಾರ್ಕ್ ಒಂದು. ಅದು ಬಳಸುತ್ತಿದ್ದ ಇಂಧನದಲ್ಲಿ ಶೇ 90ರಷ್ಟು ಆಮದು ತೈಲವೇ! ಭಾನುವಾರ ಕಾರು ಓಡಿಸುವಂತಿಲ್ಲ ಎಂದಿತು ಸರ್ಕಾರ. ಖಾಲಿ ಹೆದ್ದಾರಿಗಳಲ್ಲಿ ಜನ ಸೈಕಲ್ ತುಳಿದರು.

ಬೇರೆ ದಾರಿ ಹುಡುಕಲು ಸರ್ಕಾರಕ್ಕಾಗಿ ಕಾಯದವರೂ ಇದ್ದರು. ಡೆನ್ಮಾರ್ಕ್‌ನ ಟ್ವಿಂಡ್ ಎಂಬಲ್ಲಿನ ಶಾಲೆಗಳ ಶಿಕ್ಷಕರು, ವಿದ್ಯಾರ್ಥಿಗಳು, ಸ್ವಯಂಸೇವಕರು ಸುಮಾರು ಮೂರು ವರ್ಷ ದುಡಿದು 1978ರಲ್ಲಿ ಬೃಹತ್ ಗಾಳಿಯಂತ್ರವೊಂದನ್ನು ನಿಲ್ಲಿಸಿದರು. ಸುಮಾರು 27 ಮೀಟರ್ ಉದ್ದದ ಅದರ ಫೈಬರ್‌ಗ್ಲಾಸ್ ರೆಕ್ಕೆಗಳನ್ನು ತಾವೇ ತಯಾರಿಸಿದ್ದರು. ಎಂಥ ಛಲ! ಜಗತ್ತಿನ ಮೊದಲ ಕಡಲ ಪವನ ವಿದ್ಯುತ್ ಸ್ಥಾವರವೂ ಡೆನ್ಮಾರ್ಕ್‌ನದೇ: 1991, ವಿಂಡೆಬಿ, 11 ಯಂತ್ರಗಳು. ಈಗ ಅಲ್ಲಿನ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯದು.