ಕಾಳ್ಗಿಚ್ಚಿನ ತರುವಾಯ ವನದ ಪುನರುಜ್ಜೀವನ

ಪಂಪಭಾರತವನ್ನೋದಿದವರಿಗೆ ಖಾಂಡವವನದಹನವು ಸುಪರಿಚಿತ. ಕವಿಯ ದೃಷ್ಟಿ ಸಹಜವಾಗಿ ಉರಿಯ ಮೇಲೆ ನಿಲ್ಲುವುದು. ಉರಿ ಆರಿದ ಮೇಲೆ ನೆಲದಲ್ಲಿ ನಡೆಯುವುದೇನೆಂಬುದು ಸಸ್ಯಶಾಸ್ತ್ರದ ಪ್ರಶ್ನೆ. 2019ನೆಯ ಇಸವಿ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತಿದ ಕಿಚ್ಚು ಕೆಲವೇ ದಿನಗಳಲ್ಲಿ 10,000 ಎಕರೆಗೂ ಮಿಕ್ಕ ಕಾಡನ್ನು ಸುಟ್ಟಿತು. ಮಳೆ ಬಿದ್ದೊಡನೆ ಆ ನೆಲ ಮತ್ತೆ ಹಸುರಾಯಿತು. ಈ ಹಸುರನ್ನೇ ಕಾಡು ಮರಳಿದುದಕ್ಕೆ ಪ್ರಮಾಣವೆಂದು ಹಿಡಿಯಬಹುದೆ? ಎಂಬುದೇ ಪ್ರಕೃತ ವಿಚಾರ.

ಮಣ್ಣು ಶಾಖವನ್ನು ನಿಧಾನವಾಗಿ ಒಯ್ಯುವುದು. ಆದಕಾರಣ ಮೇಲಣ ಹುಲ್ಲು ಬೂದಿಯಾದರೂ ಕೆಲವು ಅಂಗುಲ ಕೆಳಗೆ ಬೇರು, ಗಡ್ಡೆಗಳು ಜೀವದಿಂದಿರುವುವು. ಮೊದಲು ಹುಲ್ಲು ಚಿಗುರುವುದು. ಬಳಿಕ ಮುತ್ತುಗ, ತೇಗ ಮುಂತಾದವು ಬುಡದಿಂದ ಕುಡಿಯೊಡೆಯುವುವು. ದಪ್ಪ ತೊಗಟೆಯ ಹಿರಿಯ ಮರಗಳು ಸಾಮಾನ್ಯವಾಗಿ ಉಳಿಯುವುವು. ಹೆಚ್ಚಿನ ನಷ್ಟ ಎಳೆಯ ಸಸಿಗಳದು.

ಕೀಟಗಳಲ್ಲಿಯೂ ಇದೇ ನ್ಯಾಯ. ನೆಲದೊಳಗೆ ಗೂಡು ಮಾಡುವ ಇರುವೆ, ಗೆದ್ದಲುಗಳು ಬಹುಮಟ್ಟಿಗೆ ಬದುಕುವುವು. ತರಗಿನಲ್ಲಿ ವಾಸಿಸುವ ಹುಳುಗಳೂ ಒಣಕಡ್ಡಿಗಳಿಗೆ ಅಂಟಿದ ಮೊಟ್ಟೆಗಳೂ ನಾಶವಾಗುವುವು. ಬೆಂದ ಮರವನ್ನರಸಿ ಕೊರೆಯುವ ದುಂಬಿಗಳು ಬರುವುವು, ಅವುಗಳನ್ನರಸಿ ಮರಕುಟಿಗ. ಒಂದೇ ಜಾತಿಯ ಎಲೆಯನ್ನು ತಿಂದು ಬೆಳೆಯುವ ಚಿಟ್ಟೆ ಮಾತ್ರ ಆ ಗಿಡ ಬರುವ ತನಕ ಬಾರದು. ಪರಾಗವನ್ನೊಯ್ಯಲು ಕೀಟವೇ ಬೇಕಾದ ಗಿಡ ಹೂಬಿಟ್ಟರೂ ಕೀಟವಿಲ್ಲದೆ ಬೀಜ ಕಟ್ಟದು. ಈ ಬಾಂಧವ್ಯ ಮತ್ತೆ ಕೂಡಿಬರುವುದೇ ನಿಜವಾದ ಪುನರುಜ್ಜೀವನ.

ಇದಕ್ಕೆ ದೊಡ್ಡ ಅಡ್ಡಿ ಲಂಟಾನ. ಅಮೆರಿಕದ ಉಷ್ಣಪ್ರದೇಶದ ಈ ಗಿಡವನ್ನು 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕಾಗಿ ತಂದರು. ಅದು ಸುಟ್ಟ ಬುಡದಿಂದಲೇ ಬೇಗನೆ ಚಿಗುರಿ, ಬೆಳಕನ್ನು ತಡೆದು, ನಾಡಮರಗಳ ಸಸಿಗಳನ್ನು ಕುಗ್ಗಿಸುವುದು. ಒಣಗಿದ ಪೊದೆ ಮುಂದಿನ ಕಿಚ್ಚಿಗೆ ಸೌದೆಯಾಗುವುದು. ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿದಾಗ, 1997ಕ್ಕೂ 2008ಕ್ಕೂ ನಡುವೆ ಅದರ ಹರಹು ಸುಮಾರು ಇಮ್ಮಡಿಯಾದುದು ಕಂಡುಬಂದಿತು.

ಅಲ್ಲಿಯ ಸೋಲಿಗರ ಮಾತು ಇಲ್ಲಿ ಮನನೀಯ. ಹಿಂದೆ ಅವರು ಬಿರುಬೇಸಗೆಗೆ ಮುನ್ನವೇ ‘ತರಗುಬೆಂಕಿ’ ಇಡುತ್ತಿದ್ದರು. ಆ ಮಂದವಾದ ಉರಿ ಲಂಟಾನದ ಸಸಿಗಳನ್ನು ಸುಟ್ಟು ಮರಗಳನ್ನು ಉಳಿಸುತ್ತಿದ್ದಿತೆಂದು ಅವರ ಅನುಭವ. 1974ರಲ್ಲಿ ಬೆಟ್ಟವು ಅಭಯಾರಣ್ಯವಾದ ಮೇಲೆ ಆ ಪದ್ಧತಿಗೆ ತಡೆಯಾಯಿತು.

ಇದರಿಂದ ತಿಳಿಯುವುದಿಷ್ಟು: ಕಿಚ್ಚೆಲ್ಲ ಒಂದೇ ಅಲ್ಲ, ಹಸುರೆಲ್ಲವೂ ಒಂದೇ ಅಲ್ಲ. ಯಾವ ಋತುವಿನಲ್ಲಿ, ಎಷ್ಟು ಸೌದೆಯ ಮೇಲೆ ಉರಿಯಿತು, ಬಳಿಕ ಚಿಗುರಿದುದು ಯಾವ ಗಿಡ, ಅದಕ್ಕೆ ಬಂದ ಕೀಟ ಯಾವುದು ಎಂಬುದನ್ನು ವರ್ಷವರ್ಷವೂ ಎಣಿಸಿ ನೋಡಿದಲ್ಲದೆ ಕಾಡು ಮರಳಿತೆಂದು ಹೇಳಲಾಗದು.