ಒಲವಿನ ಅನುಭವ: ಶಾಸ್ತ್ರದ ಹತ್ತು ಅವಸ್ಥೆಗಳು ಮತ್ತು ಜನ್ನನ ಎರಡು ಕಥೆಗಳು

ಪ್ರೇಮವೆಂದರೇನು ಎಂಬ ಪ್ರಶ್ನೆಯೂ ಪ್ರೇಮದಲ್ಲಿ ಸಿಲುಕಿದವರಿಗೆ ಏನನ್ನಿಸುತ್ತದೆ ಎಂಬ ಪ್ರಶ್ನೆಯೂ ಒಂದೇ ಅಲ್ಲ. ಮೊದಲನೆಯದು ಲಕ್ಷಣವನ್ನು ಕೇಳುತ್ತದೆ. ಎರಡನೆಯದು ಅನುಭವವನ್ನು ಕೇಳುತ್ತದೆ. ನಮ್ಮ ಪ್ರಾಚೀನ ಶಾಸ್ತ್ರಕಾರರು ಎರಡನೆಯ ಪ್ರಶ್ನೆಗೂ ಸಾಕಷ್ಟು ಗಮನ ಕೊಟ್ಟಿದ್ದಾರೆ. ಆ ಅನುಭವದ ಮೆಟ್ಟಿಲುಗಳನ್ನು ಅವರು ಎಣಿಸಿದರು, ದೇಹದ ಮೇಲೆ ಮೂಡುವ ಗುರುತುಗಳನ್ನು ಪಟ್ಟಿ ಮಾಡಿದರು. ಆದರೆ ಈ ಪಟ್ಟಿಯನ್ನು ಹಿಡಿದು ನಿಜವಾದ ಒಲವನ್ನು ಗುರುತಿಸಲು ಸಾಧ್ಯವೇ? ಅನುಭವದ ತೀವ್ರತೆಯೇ ಅದರ ಸಾಚಾತನಕ್ಕೆ ಸಾಕ್ಷಿಯೇ? ಕ್ರಿ.ಶ. 13ನೆಯ ಶತಮಾನದ ಕನ್ನಡ ಕವಿ ಜನ್ನನ ಎರಡು ಕಥಾನಕಗಳ ನೆರವಿನಿಂದ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಶಾಸ್ತ್ರವು ಕಂಡ ಅನುಭವ

ಅಲಂಕಾರಶಾಸ್ತ್ರವು ಶೃಂಗಾರವನ್ನು ಸಂಭೋಗ, ವಿಪ್ರಲಂಭ ಎಂದು ಎರಡಾಗಿ ವಿಭಾಗಿಸುತ್ತದೆ. ಕೂಡುವ ಮೊದಲೇ ಮನಸ್ಸನ್ನು ಹಿಡಿಯುವ ಅನುರಾಗಕ್ಕೆ ಪೂರ್ವರಾಗವೆಂದು ಹೆಸರು. ಅದು ಶ್ರವಣದಿಂದಾಗಲಿ ದರ್ಶನದಿಂದಾಗಲಿ, ಎಂದರೆ ಕೇಳಿದ್ದರಿಂದಾಗಲಿ ಕಂಡದ್ದರಿಂದಾಗಲಿ ಹುಟ್ಟಬಹುದು. ಹುಟ್ಟಿದ ಮೇಲೆ ಅದು ಅಭಿಲಾಷೆ, ಚಿಂತೆ, ಸ್ಮೃತಿ, ಗುಣಕಥನ, ಉದ್ವೇಗ, ಪ್ರಲಾಪ, ಉನ್ಮಾದ, ವ್ಯಾಧಿ, ಜಡತೆ, ಮರಣ ಎಂಬ ಹತ್ತು ಅವಸ್ಥೆಗಳಲ್ಲಿ ಬೆಳೆಯುತ್ತದೆ.

ಈ ಪಟ್ಟಿಯ ಕ್ರಮ ಗಮನಾರ್ಹವಾದುದು. ಗುಣಕಥನಕ್ಕೆ ಇಲ್ಲಿ ನಾಲ್ಕನೆಯ ಸ್ಥಾನ. ಪ್ರಿಯವ್ಯಕ್ತಿಯ ಗುಣಗಳನ್ನು ಕಂಡು, ತೂಗಿ, ಆಮೇಲೆ ಒಲಿಯುತ್ತೇವೆಂಬುದು ನಮ್ಮ ಸಾಮಾನ್ಯ ನಂಬಿಕೆ. ಈ ಕ್ರಮವಾದರೋ ಮೊದಲು ಬಯಕೆ, ಅನಂತರ ಬಿಡದ ಯೋಚನೆ, ಅನಂತರ ನೆನಪು, ಆಮೇಲೆ ಗುಣಗಳ ಹೊಗಳಿಕೆ ಎಂದು ಸೂಚಿಸುತ್ತದೆ. ಒಲಿದವರು ಕೊಡುವ ಕಾರಣಗಳು ಒಲವಿನ ಹಿಂದೆ ಬರುತ್ತವೆ; ಆದರೆ ಒಲಿದವರಿಗೆ ಅವು ಒಲವಿನ ಮುಂದೆ ಇದ್ದಂತೆಯೇ ತೋರುತ್ತವೆ.

ಇನ್ನು ದೇಹದ ಮಾತು. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕ ಭಾವಗಳನ್ನು ಭರತನು ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ಇವು ಶೃಂಗಾರಕ್ಕೆ ಮಾತ್ರ ಮೀಸಲಲ್ಲ. ಭಯದಲ್ಲಿಯೂ ಮೈ ನಡುಗುತ್ತದೆ, ಶೋಕದಲ್ಲಿಯೂ ದನಿ ಒಡೆಯುತ್ತದೆ. ಪ್ರೇಮಿಯ ಶರೀರಸ್ಥಿತಿಗೂ ಭಯಗೊಂಡವನ ಶರೀರಸ್ಥಿತಿಗೂ ಇರುವ ಈ ಹೋಲಿಕೆ, ಪ್ರೇಮದೊಳಗೆ ಸದಾ ಇರುವ ಆತಂಕದ ಅಂಶವನ್ನು ನೆನಪಿಗೆ ತರುತ್ತದೆ.

2. ಆಧುನಿಕ ಅಧ್ಯಯನಗಳ ಬೆಳಕು

ಈ ವರ್ಣನೆಗಳು ಕೇವಲ ಕವಿಸಮಯಗಳಲ್ಲವೆಂಬುದಕ್ಕೆ ಇತ್ತೀಚಿನ ಅಧ್ಯಯನಗಳಲ್ಲಿ ಆಧಾರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊಥಿ ಟೆನೊವ್ 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸ್ಥಿತಿಗೆ 'ಲಿಮರೆನ್ಸ್' ಎಂಬ ಹೊಸ ಹೆಸರನ್ನು ಕೊಟ್ಟರು. ಬೇಡವೆಂದರೂ ನುಗ್ಗಿ ಬರುವ ಯೋಚನೆಗಳು, ಪ್ರತಿಪ್ರೇಮಕ್ಕಾಗಿ ತೀವ್ರ ಹಂಬಲ, ತಿರಸ್ಕಾರದ ಭಯ, ಅನಿಶ್ಚಯವಿದ್ದಷ್ಟೂ ಬಲಿಯುವ ಆಸಕ್ತಿ ಇವು ಅವರು ಗುರುತಿಸಿದ ಲಕ್ಷಣಗಳು. ಚಿಂತೆ, ಸ್ಮೃತಿ, ಉದ್ವೇಗಗಳೊಡನೆ ಇವನ್ನು ಹೋಲಿಸುವುದು ಕಷ್ಟವಲ್ಲ. 1999ರಲ್ಲಿ ಪ್ರಕಟವಾದ, ಇಟಲಿಯ ಸಂಶೋಧಕರ ರಕ್ತಪರೀಕ್ಷೆಯ ಅಧ್ಯಯನವೊಂದು, ಹೊಸದಾಗಿ ಪ್ರೇಮದಲ್ಲಿ ಬಿದ್ದ 20 ಜನರಿಗೂ ಗೀಳುರೋಗದಿಂದ ಬಳಲುತ್ತಿದ್ದ 20 ಜನರಿಗೂ ಸೆರೊಟೋನಿನ್ ಸಂಬಂಧವಾದ ಒಂದು ಅಳತೆಯಲ್ಲಿ ಸಾಮ್ಯವನ್ನು ಕಂಡಿತು. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಗಾಢ ಪ್ರೇಮದಲ್ಲಿದ್ದ 17 ಜನರಿಗೆ ತಮ್ಮ ಪ್ರಿಯವ್ಯಕ್ತಿಯ ಭಾವಚಿತ್ರ ತೋರಿಸಿದಾಗ, ಮಿದುಳಿನಲ್ಲಿ ಪ್ರತಿಫಲದ ಬಯಕೆಗೆ ಸಂಬಂಧಿಸಿದ, ಡೋಪಮೀನ್ ಹೇರಳವಾಗಿರುವ ಭಾಗಗಳು ಚುರುಕಾದುದು ಕಂಡುಬಂದಿತು. ಪಾಲ್ಗೊಂಡವರ ಸಂಖ್ಯೆ ಚಿಕ್ಕದಾದುದರಿಂದ ಇವುಗಳಿಂದ ದೊಡ್ಡ ನಿರ್ಣಯಗಳನ್ನು ತೆಗೆಯಲಾಗದು. ಆದರೂ ಪ್ರೇಮವನ್ನು ಸುಖದ ಭಾವವೆನ್ನುವುದಕ್ಕಿಂತ ಬಯಕೆಯ ಹಿಡಿತವೆನ್ನುವುದು ಹೆಚ್ಚು ಸರಿಯೆಂಬ ಅಭಿಪ್ರಾಯಕ್ಕೆ ಇವು ಬಲ ಕೊಡುತ್ತವೆ.

3. ಅಮೃತಮತಿ: ಕೇಳಿ ಹುಟ್ಟಿದ ಒಲವು

ಜನ್ನನು ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದವನು. ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದವನು. 1209ರಲ್ಲಿ ರಚಿತವಾದ ಅವನ 'ಯಶೋಧರ ಚರಿತೆ' ನಾಲ್ಕು ಅವತಾರಗಳ ಕಿರುಕಾವ್ಯ. ಸಂಕಲ್ಪಮಾತ್ರದ ಹಿಂಸೆಯೂ ಜನ್ಮಜನ್ಮಾಂತರಗಳ ದುಃಖಕ್ಕೆ ಕಾರಣವಾಗುತ್ತದೆಂಬ ಜೈನತತ್ತ್ವವನ್ನು ಬೋಧಿಸುವುದು ಅದರ ಗುರಿ. ಆದರೆ ಓದುಗರ ಮನಸ್ಸಿನಲ್ಲಿ ಅಷ್ಟೇ ಆಳವಾಗಿ ನಿಂತಿರುವುದು ರಾಣಿ ಅಮೃತಮತಿಯ ಪ್ರಕರಣ.

ಅಮೃತಮತಿಗೆ ಯಾವ ಕೊರತೆಯೂ ಇಲ್ಲ. ರೂಪವಂತನಾದ, ತನ್ನನ್ನು ಪ್ರೀತಿಸುವ ಅರಸ ಪಕ್ಕದಲ್ಲಿದ್ದಾನೆ. ರಾತ್ರಿಯ ನಿಶ್ಶಬ್ದದಲ್ಲಿ ಮಾವುತನ ಹಾಡು ಕಿವಿಗೆ ಬೀಳುತ್ತದೆ. ಅಷ್ಟರಿಂದಲೇ ಅವಳ ಮನಸ್ಸು ಅವನದಾಗುತ್ತದೆ. ನೋಡಿ ಬರಲು ಹೋದ ದೂತಿ ಅವನ ವಿಕಾರರೂಪವನ್ನು ಅಂಗಾಂಗವಾಗಿ ಬಣ್ಣಿಸುತ್ತಾಳೆ. ಅವನಿಗೆ ಅಷ್ಟಾವಂಕನೆಂದೇ ಹೆಸರು. ಆದರೂ ರಾಣಿ ಹಿಂಜರಿಯುವುದಿಲ್ಲ. ಒಲವು ಮೂಡಿದ ಮೇಲೆ ರೂಪದ ಎಣಿಕೆ ಬೇಕಿಲ್ಲವೆಂಬುದು ಅವಳ ಉತ್ತರದ ಸಾರ. ದೂತಿ ಹೇಳುತ್ತಿರುವುದು ಸುಳ್ಳಲ್ಲ, ರಾಣಿ ಅದನ್ನು ಅಲ್ಲಗಳೆಯುವುದೂ ಇಲ್ಲ. ಹೊರಗಿನವರು ಯಾವುದನ್ನು ಕಾರಣವೆಂದು ಎಣಿಸುತ್ತಾರೋ ಅದು ಒಳಗಿರುವವರಿಗೆ ಅಪ್ರಸ್ತುತವಾಗುವುದೇ ಈ ಅನುಭವದ ಮುಖ್ಯ ಲಕ್ಷಣ. ಪ್ರೇಮ ಕುರುಡೆಂಬ ಮಾತು ಇಲ್ಲಿ ಪೂರ್ತಿ ಸರಿಹೊಂದುವುದಿಲ್ಲ. ಅಮೃತಮತಿ ಕಾಣದವಳಲ್ಲ, ಕಂಡದ್ದಕ್ಕೆ ಬೆಲೆ ಕೊಡದವಳು.

ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುತ್ತಾನೆ; ರಾಣಿಯೇ ಅವನನ್ನು ಬೇಡಿಕೊಳ್ಳುತ್ತಾಳೆ. ಹಿಂಬಾಲಿಸಿ ಬಂದ ಯಶೋಧರ ಇದನ್ನು ಕಂಡು ಕತ್ತಿಯೆತ್ತಿ, ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ಮುಂದೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕಾವ್ಯದ ನೀತಿ ಅವಳನ್ನು ಖಂಡಿಸುತ್ತದೆ. ಆದರೆ ಕವಿ ಅವಳ ಅನುಭವವನ್ನು ಸುಳ್ಳೆನ್ನುವುದಿಲ್ಲ. ಈ ವಸ್ತು ಇಂದಿಗೂ ನಮ್ಮನ್ನು ಕಾಡುವುದಕ್ಕೆ ಇದು ಒಂದು ಕಾರಣ. ಗಿರೀಶ ಕಾರ್ನಾಡರು 1980ರಲ್ಲಿ ಇದೇ ವಸ್ತುವಿನಿಂದ 'ಹಿಟ್ಟಿನ ಹುಂಜ' ನಾಟಕವನ್ನು ರಚಿಸಿದರು.

4. ಚಂಡಶಾಸನ: ಕಂಡು ಹುಟ್ಟಿದ ಒಲವು

ಜನ್ನನ ಇನ್ನೊಂದು ಕೃತಿಯಾದ 'ಅನಂತನಾಥ ಪುರಾಣ' (1230) ಹದಿನಾಲ್ಕನೆಯ ತೀರ್ಥಂಕರನ ಚರಿತೆ. ಅದರೊಳಗೆ ಬರುವ ಚಂಡಶಾಸನನ ಕಥೆಯಲ್ಲಿ ಪೂರ್ವರಾಗವು ದರ್ಶನದಿಂದ ಹುಟ್ಟುತ್ತದೆ. ಮಿತ್ರನಾದ ವಸುಷೇಣನ ಮನೆಗೆ ಅತಿಥಿಯಾಗಿ ಬಂದವನು ಅವನ ಪತ್ನಿ ಸುನಂದೆಯನ್ನು ಕಂಡು ಮರುಳಾಗುತ್ತಾನೆ, ಅವಳನ್ನು ಅಪಹರಿಸುತ್ತಾನೆ. ಅವಳು ಒಲಿಯುವುದಿಲ್ಲ. ಆಸೆಯನ್ನು ಮುರಿಯಲೆಂದು ವಸುಷೇಣನ ಕೃತಕ ಶಿರವನ್ನು ಅವಳ ಮುಂದಿಡುತ್ತಾನೆ. ಅದನ್ನು ನಿಜವೆಂದು ನಂಬಿ ಸುನಂದೆ ಪ್ರಾಣ ಬಿಡುತ್ತಾಳೆ; ಚಂಡಶಾಸನನೂ ಅವಳೊಡನೆ ಚಿತೆಯೇರುತ್ತಾನೆ.

ಹತ್ತು ಅವಸ್ಥೆಗಳನ್ನೇ ಅಳತೆಗೋಲಾಗಿ ಹಿಡಿದರೆ ಚಂಡಶಾಸನನಿಗೆ ಯಾವುದೂ ಕಡಿಮೆಯಿಲ್ಲ. ಅವನು ಕೊನೆಯ ಅವಸ್ಥೆಯನ್ನೂ ಮುಟ್ಟಿದವನು. ಇಲ್ಲಿ ವಾತ್ಸ್ಯಾಯನನ ಕಾಮಸೂತ್ರವನ್ನು ನೆನೆಯಬೇಕು. ಅದರಲ್ಲಿಯೂ ಕಣ್ಣಿನ ಪ್ರೀತಿಯಿಂದ ಮರಣದವರೆಗೆ ಹತ್ತು ಹಂತಗಳ ಪಟ್ಟಿಯಿದೆ. ಅದು ಬರುವುದು ಪರಸ್ತ್ರೀಯರ ವಿಷಯಕ್ಕೆ ಮೀಸಲಾದ ಅಧಿಕರಣದಲ್ಲಿ: ಬಯಕೆ ಹಂತದಿಂದ ಹಂತಕ್ಕೆ ಏರುತ್ತಿದ್ದರೆ ತನ್ನ ಶರೀರವನ್ನು ಉಳಿಸಿಕೊಳ್ಳಲು ಪರಸ್ತ್ರೀಯನ್ನು ಸಮೀಪಿಸಬಹುದೆಂಬ ಸಂದರ್ಭದಲ್ಲಿ. ಇಲ್ಲಿ ಸಂಕಟದ ತೀವ್ರತೆಯೇ ಒಂದು ಹಕ್ಕಾಗುತ್ತದೆ. ಆ ಹಕ್ಕು ಎಲ್ಲಿಗೆ ಒಯ್ಯುತ್ತದೆಂಬುದನ್ನು ಜನ್ನನ ಕಥೆ ತೋರಿಸುತ್ತದೆ. ಪ್ರಾಣ ಕೊಟ್ಟ ಪ್ರೇಮಿಯೂ ಕೊಲೆಗಾರನಾಗಿರಬಲ್ಲ.

5. ರಸವೂ ರಸಾಭಾಸವೂ

ಒಬ್ಬರಲ್ಲಿ ಮಾತ್ರವಿರುವ ರತಿಯನ್ನು ಶಾಸ್ತ್ರವು ರಸವೆನ್ನದೆ ರಸಾಭಾಸವೆನ್ನುತ್ತದೆ. ಧ್ವನ್ಯಾಲೋಕಕ್ಕೆ ಬರೆದ ಲೋಚನ ವ್ಯಾಖ್ಯಾನದಲ್ಲಿ ಅಭಿನವಗುಪ್ತನು ಸೀತೆಯ ಮೇಲಿನ ರಾವಣನ ರತಿಯನ್ನು ಇದಕ್ಕೆ ಉದಾಹರಿಸುತ್ತಾನೆ. ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ತೋರುವುದಕ್ಕೆ ಅದನ್ನು ಹೋಲಿಸುತ್ತಾನೆ. ಸೀತೆ ತನ್ನನ್ನು ದ್ವೇಷಿಸುತ್ತಾಳೆ ಅಥವಾ ಉಪೇಕ್ಷಿಸುತ್ತಾಳೆಂಬ ಅರಿವು ರಾವಣನ ಹೃದಯವನ್ನು ತಟ್ಟುವುದೇ ಇಲ್ಲ. ತಟ್ಟಿದ್ದರೆ ಆ ಅಭಿಲಾಷೆಯೇ ಕರಗಿಹೋಗುತ್ತಿತ್ತೆಂಬುದು ಅವನ ವಾದದ ತಿರುಳು. ಚಿಪ್ಪನ್ನು ಬೆಳ್ಳಿಯೆಂದು ಕಾಣುವವನಿಗೆ ಆ ಕ್ಷಣದಲ್ಲಿ ಅದು ಬೆಳ್ಳಿಯೇ. ಹಾಗೆಯೇ ರಸಾಭಾಸದ ನಾಯಕನಿಗೂ ತನ್ನೊಳಗಿನ ತಳಮಳ ಪ್ರೇಮವೇ. ಭೇದವಿರುವುದು ಅನುಭವಿಸುವವನ ಎದೆಯ ಬಡಿತದಲ್ಲಲ್ಲ, ಎದುರಿನ ವ್ಯಕ್ತಿಯ ಮನಸ್ಸಿನಲ್ಲಿ.

ಕನ್ನಡ ಭಾಷೆ ತನ್ನದೇ ರೀತಿಯಲ್ಲಿ ಈ ವಿವೇಕವನ್ನು ಕಾಪಾಡಿಕೊಂಡಿದೆ. ಒಲವು, ಒಲ್ಮೆ, ಒಲಿ ಎಂಬ ಪದಗಳು ಹುಟ್ಟಿದ ಬೇರಿನಿಂದಲೇ 'ಒಲ್ಲೆ' ಎಂಬ ನಿರಾಕರಣೆಯ ಪದವೂ ಹುಟ್ಟಿದೆ. ಒಲಿಯುವುದೆಂದರೆ ಮನಸ್ಸು ಒಪ್ಪುವುದು, ಒಲ್ಲೆನೆಂದರೆ ಒಪ್ಪದಿರುವುದು. ಒಲ್ಲೆನೆನ್ನುವ ಸ್ವಾತಂತ್ರ್ಯವಿಲ್ಲದ ಕಡೆ ಒಲಿದೆನೆಂಬ ಮಾತಿಗೂ ಅರ್ಥವಿಲ್ಲ. ಸುನಂದೆ ಒಲ್ಲೆನೆಂದಳು, ಚಂಡಶಾಸನನಿಗೆ ಆ ಮಾತು ಒಂದು ಅಡ್ಡಿಯಾಗಿ ಕಂಡಿತೇ ಹೊರತು ಉತ್ತರವಾಗಿ ಕೇಳಿಸಲಿಲ್ಲ.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಪ್ರೇಮದ ಅನುಭವವು ಇಚ್ಛೆಗೆ ಅಧೀನವಲ್ಲ. ಮೊದಲು ಮನಸ್ಸನ್ನು ಹಿಡಿದು ಆಮೇಲೆ ಕಾರಣಗಳನ್ನು ಕೂಡಿಸಿಕೊಳ್ಳುತ್ತದೆ. ಅದರ ದೇಹಲಕ್ಷಣಗಳು ಭಯಕ್ಕೂ ರೋಗಕ್ಕೂ ಹತ್ತಿರವಾದವು. ಹೀಗಿರುವುದರಿಂದ, ಅನುಭವ ಬಂದುದಕ್ಕಾಗಿ ಯಾರನ್ನೂ ದೂಷಿಸಲಾಗದು. ಅದನ್ನೇ ಅಧಿಕಾರಪತ್ರವಾಗಿ ಹಿಡಿದು ನಡೆಯುವುದನ್ನು ಒಪ್ಪಲೂ ಆಗದು. ತಿರಸ್ಕೃತ ಪ್ರೇಮದ ಹೆಸರಿನಲ್ಲಿ ನಡೆಯುವ ಹಲ್ಲೆಗಳ ಸುದ್ದಿಯನ್ನು ಓದುತ್ತಿರುವ ನಮ್ಮ ಕಾಲಕ್ಕೆ ಜನ್ನನ ಈ ಎರಡು ಕಥೆಗಳು ಹಳೆಯವಲ್ಲ. ಒಲವಿನ ಬೆಂಕಿಯನ್ನು ಅವನು ಒಳಗಿನಿಂದ ಬಲ್ಲ. ಅದು ಸುಡುವುದು ಒಲಿದವರನ್ನು ಮಾತ್ರವಲ್ಲ ಎಂಬುದನ್ನೂ ಅಷ್ಟೇ ಚೆನ್ನಾಗಿ ಬಲ್ಲ.